ಹಳೇ ಅಲ್ಯೂಮಿನಿಯಂ ದೋಣಿ ಕೊಳ್ಳುವ ಮುಂಚೆ

ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಫೋನ್ ಬಂತು. "ಶೆಟ್ರೇ, ಒಂದು ಬೋಟ್ ನೋಡಿದ್ದೇನೆ. ಹದಿನಾರೂವರೆ ಅಡಿ, ಅಲ್ಯೂಮಿನಿಯಂ, ಟ್ರೇಲರ್ ಸಮೇತ. ನೀವೊಮ್ಮೆ ಬಂದು ನೋಡಿದ್ರೆ ಧೈರ್ಯ."

ಶಿವಮೊಗ್ಗ ಕಡೆಯ ಗೆಳೆಯ. ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಇಬ್ಬರು ಮಕ್ಕಳು, ಅಪ್ಪಟ ಸಸ್ಯಾಹಾರಿ. ಮೀನು ತಿನ್ನದವರಿಗೆ ಮೀನು ಹಿಡಿಯುವ ದೋಣಿ ಯಾಕೆ ಮಾರಾಯ್ರೆ ಎಂದು ಕೇಳಿದೆ. "ಹಿಡಿದು ಬಿಟ್ಟುಬಿಡೋದು, ಮಕ್ಕಳಿಗೆ ಖುಷಿ" ಎಂದರು. ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡುವುದು ಕುಂದಾಪುರದಲ್ಲಿ ಬೆಳೆದ ನನಗೆ ಇವತ್ತಿಗೂ ಅರ್ಥವಾಗದ ಸಂಗತಿ. ಇರಲಿ. ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಹಳೇ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಮಿನ್ನೆಸೋಟಾ ರಾಜ್ಯದಲ್ಲಿ 10 ಎಕರೆ ದಾಟಿದ ಕೆರೆಗಳ ಸಂಖ್ಯೆಯೇ 11,842. ಮೇ ತಿಂಗಳಲ್ಲಿ ವಾಲಾಯ್ ಮೀನಿನ ಹಂಗಾಮು ತೆರೆಯುವ ಶನಿವಾರ ಇಲ್ಲಿ ಹಬ್ಬಕ್ಕೆ ಸಮ. ಆ ವಾರ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವ ಗಾಡಿಗಳ ಹಿಂದೆಲ್ಲ ದೋಣಿ, ಅದರಲ್ಲೂ ಬಹುಪಾಲು ಅಲ್ಯೂಮಿನಿಯಂ ದೋಣಿ. ಅದಕ್ಕೆ ಚರಿತ್ರೆಯ ಕಾರಣವೂ ಇದೆ. ಎರಡನೇ ಮಹಾಯುದ್ಧ ಮುಗಿದು ವಿಮಾನಗಳಿಗೆ ಬೇಡಿಕೆ ಕುಸಿದಾಗ ಅಲ್ಯೂಮಿನಿಯಂ ಹಾಳೆ ಮತ್ತು ಅದಕ್ಕೆ ರಿವೆಟ್ ಹೊಡೆಯುವ ಕೈಗಳು ಬೇರೆ ಕೆಲಸ ಹುಡುಕಿದವು. ಅಲುಮಾಕ್ರಾಫ್ಟ್, ಕ್ರೆಸ್ಟ್‌ಲೈನರ್ ಎಂಬ ದೋಣಿ ಕಂಪನಿಗಳೆರಡೂ ಇದೇ ರಾಜ್ಯದಲ್ಲಿ 1946ರಲ್ಲಿ ಶುರುವಾದವು. 1948ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬ ಪುಟ್ಟ ಊರಲ್ಲಿ ಹಾವರ್ಡ್ ಲುಂಡ್ ತನ್ನ ಮೊದಲ ದೋಣಿ ಮಾಡಿದ. ನ್ಯೂಯಾರ್ಕಿಗೂ ಆ ಊರಿಗೂ ಸಾವಿರಾರು ಕಿಲೋಮೀಟರ್ ದೂರ. ಆದರೆ ಲುಂಡ್ ದೋಣಿ ಎಂದರೆ ಇಲ್ಲಿಯವರು ಇವತ್ತಿಗೂ ನಮ್ಮೂರ ಎತ್ತಿನ ತಳಿ ಹೇಳುವ ಹಾಗೆ ಹೆಮ್ಮೆಯಿಂದ ಹೇಳುತ್ತಾರೆ.

ಅಷ್ಟು ಹಿಂದಿನಿಂದ ಮಾಡುತ್ತಾ ಬಂದಿರುವುದರಿಂದ ಮೂವತ್ತು, ನಲವತ್ತು ವರ್ಷದ ದೋಣಿಗಳೂ ಮಾರಾಟಕ್ಕೆ ಸಿಗುತ್ತವೆ. ಫೈಬರ್ ದೋಣಿಗಿಂತ ಹಗುರ, ಸಣ್ಣ ಕಾರೂ ಎಳೆಯಬಲ್ಲದು, ಕಲ್ಲಿಗೆ ತಾಗಿದರೆ ತಗ್ಗು ಬೀಳುತ್ತದೆ, ಒಡೆಯುವುದಿಲ್ಲ. ಸಿಹಿನೀರಲ್ಲಿ ತುಕ್ಕೂ ಇಲ್ಲ. ಹಾಗಾಗಿ ಹೊಸಬರು ನೋಡುವಾಗ ತಗ್ಗು, ಗೀರು, ಮಾಸಿದ ಬಣ್ಣ ನೋಡಿ ಮೂಗು ಮುರಿಯುತ್ತಾರೆ, ಮಿರಮಿರ ಮಿಂಚಿದರೆ ಮರುಳಾಗುತ್ತಾರೆ. ನಾನು ತಲೆ ಕೆಡಿಸಿಕೊಳ್ಳುವುದು ಬೇರೆ ವಿಷಯಕ್ಕೆ. ಇಂಥ ದೋಣಿಯಲ್ಲಿ ಅಲ್ಯೂಮಿನಿಯಂ ಕಡೆಗೆ ಸಾಯುತ್ತದೆ. ಮೊದಲು ಸಾಯುವುದು ಅದರೊಳಗಿನ ಮರ, ಸ್ಪಂಜಿನಂಥ ಫೋಮು, ವೈರು, ಇಂಜಿನ್ನಿನ ಗೇರ್‌ಪೆಟ್ಟಿಗೆ, ಟ್ರೇಲರಿನ ಬೇರಿಂಗು. ಒಮ್ಮೊಮ್ಮೆ ಇವೇ ಸೇರಿ ಲೋಹವನ್ನೂ ಕೊಲ್ಲುತ್ತವೆ.

ಹಿಂಬದಿಯ ಹಲಗೆ

ದೋಣಿಯ ಹಿಂಬದಿಯಲ್ಲಿ ಇಂಜಿನ್ ನೇತುಹಾಕುವ ನೆಟ್ಟನೆಯ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಹೊರಗಿಂದ ನೋಡಿದರೆ ಲೋಹ. ಹೆಚ್ಚಿನ ಹಳೇ ದೋಣಿಗಳಲ್ಲಿ ಅದರೊಳಗೆ ಒಂದೂವರೆ ಇಂಚು ದಪ್ಪದ ಪ್ಲೈವುಡ್ ಇರುತ್ತದೆ. ಇಂಜಿನ್ ಬೋಲ್ಟಿನ ತೂತುಗಳಿಂದ ನೀರು ಇಳಿದು, ಒಣಗಲು ದಾರಿಯಿಲ್ಲದೆ, ಹತ್ತಿಪ್ಪತ್ತು ವರ್ಷದಲ್ಲಿ ಆ ಮರ ನೆನೆದ ಅವಲಕ್ಕಿಯಾಗುತ್ತದೆ. ನೂರು ಕಿಲೋ ಮೀರಿದ ಇಂಜಿನ್ ಅದರ ಮೇಲೆ ತೂಗುತ್ತಿದ್ದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ನೋಡುವ ಕ್ರಮ ಸುಲಭ, ಇಬ್ಬರಿರಬೇಕು. ಇಂಜಿನ್ನನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ. ಒಬ್ಬರು ಕೆಳಗಿನ ತುದಿ, ಅಂದರೆ ಪ್ರೊಪೆಲ್ಲರ್ ಇರುವ ಭಾಗ ಹಿಡಿದು ಮೇಲೆ ಕೆಳಗೆ ಜಗ್ಗಬೇಕು. ಇನ್ನೊಬ್ಬರು ಟ್ರಾನ್ಸಮ್ ಮೇಲಂಚನ್ನು ನೋಡುತ್ತಿರಬೇಕು. ಇಂಜಿನ್ ಜತೆ ಇಡೀ ದೋಣಿ ಟ್ರೇಲರ್ ಮೇಲೆ ಅಲುಗಿದರೆ ಸರಿ. ದೋಣಿ ಸುಮ್ಮನಿದ್ದು ಟ್ರಾನ್ಸಮ್ ಮಾತ್ರ ಹಿಂದೆ ಮುಂದೆ ಬಾಗಿದರೆ ಒಳಗೆ ಮರ ಹೋಗಿದೆ. ಆಮೇಲೆ ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಹಲಸಿನಹಣ್ಣು ತಟ್ಟಿ ಗೊತ್ತಿರುವವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಬೋಲ್ಟುಗಳ ವಾಷರ್ ಲೋಹದೊಳಕ್ಕೆ ಹೂತುಹೋಗಿದ್ದರೆ ಅದೂ ಸಾಕ್ಷಿ.

"ಟ್ರಾನ್ಸಮ್ ಹೊಸದು ಹಾಕಿಸಿದ್ದೇನೆ" ಎಂದು ಮಾರುವವರು ಹೇಳಿದರೆ ಕೂಡಲೇ ನೆಮ್ಮದಿಪಡಬೇಡಿ. ಯಾವ ಮರ ಎಂದು ಕೇಳಿ. ಇದನ್ನು ಕೇಳದೆ ನಾನು ಒಮ್ಮೆ ಸರಿಯಾಗಿ ಕೈಸುಟ್ಟುಕೊಂಡಿದ್ದೇನೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಕೊಂಡ ಹದಿನಾಲ್ಕಡಿಯ ದೋಣಿ. ಹೊಸ ಹಲಗೆ, ಹೊಸ ಬೋಲ್ಟು, ನೋಡಲು ಚಂದ. ಎರಡನೇ ಬೇಸಿಗೆಗೆ ತಳದಲ್ಲಿ ನೀರು ಜಿನುಗತೊಡಗಿತು. ಹಲಗೆ ಬಿಚ್ಚಿದರೆ ಹಿಂದಿನ ಅಲ್ಯೂಮಿನಿಯಂ ಮೇಲೆ ಸುಣ್ಣ ಉದುರಿದಂಥ ಬಿಳಿ ಪುಡಿ. ಒರೆಸಿ, ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಒಳಗಿಂದ ಟಾರ್ಚು ಹಿಡಿದೆ. ಹೊರಗೆ ನಿಂತಿದ್ದ ಹೆಂಡತಿ "ಅಯ್ಯಯ್ಯೋ, ನಮ್ಮ ಅಜ್ಜಿಮನೆ ಹಂಚಿನ ಮಾಡು" ಎಂದಳು. ಲೋಹದ ತುಂಬ ಸೂಜಿಮೊನೆಯಷ್ಟು ತೂತುಗಳು, ಒಂದೊಂದರಿಂದಲೂ ಬೆಳಕು.

ಕಾರಣ ಆಮೇಲೆ ತಿಳಿಯಿತು. ಹುಳ ಹಿಡಿಯದಂತೆ, ಕೊಳೆಯದಂತೆ ಔಷಧ ಹೊಡೆದ ಕಟ್ಟಿಗೆ ಇಲ್ಲಿ ಮನೆಯ ಜಗಲಿಗೆ, ಬೇಲಿಗೆ ಬಳಸುತ್ತಾರೆ. ಆ ಔಷಧದಲ್ಲಿರುವುದು ತಾಮ್ರ, 2004ರ ಈಚೆಗಿನದರಲ್ಲಂತೂ ಇನ್ನೂ ಹೆಚ್ಚು. ತಾಮ್ರ, ಅಲ್ಯೂಮಿನಿಯಂ, ನಡುವೆ ತೇವ ಸೇರಿದರೆ ಅದೊಂದು ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ನಮ್ಮ ಮನೆಗಳಲ್ಲಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿಸಾರು ರಾತ್ರಿಯಿಡೀ ಬಿಡಬಾರದು ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕತೆ: ಈ ಲೋಹವನ್ನು ಕಾಯುವ ತೆಳುಪೊರೆ ಒಮ್ಮೆ ಕಳಚಿದರೆ ಒಳಗಿನದು ತಿನ್ನಿಸಿಕೊಳ್ಳುತ್ತಲೇ ಹೋಗುತ್ತದೆ. ಆದ್ದರಿಂದ ಔಷಧ ಹೊಡೆದ ಹಲಗೆಯಲ್ಲಿ ಮಾಡಿದ ಟ್ರಾನ್ಸಮ್ ಅಥವಾ ನೆಲಹಾಸು ಇರುವ ದೋಣಿಯನ್ನು ಪುಕ್ಕಟೆ ಕೊಟ್ಟರೂ ಯೋಚಿಸಿ. ಸಾಮಾನ್ಯ ಪ್ಲೈವುಡ್‌ಗೆ ಎಪಾಕ್ಸಿ ಬಳಿದು ಕೂರಿಸಿದ್ದರೆ ಚಿಂತೆಯಿಲ್ಲ. ತಳಕ್ಕೆ ತಾಮ್ರವಿರುವ ಪಾಚಿನಿರೋಧಕ ಬಣ್ಣ ಬಳಿದಿದ್ದರೂ ಇದೇ ತಕರಾರು. ದೋಣಿ ಉಪ್ಪುನೀರಲ್ಲಿ ಓಡಿದ್ದೇ ಎಂದೂ ಕೇಳಿ. ಫ್ಲೋರಿಡಾ ಕಡೆಯಿಂದ ಬಂದ ಮಾಲು ಇಲ್ಲಿಯವರೆಗೂ ತಲುಪುತ್ತದೆ.

ಕಾರ್ಪೆಟ್ ಅಡಿಯಲ್ಲಿ

ನೆಲದ ಮೇಲೆ ಚಪ್ಪಲಿ ಕಳಚಿ, ಹಿಮ್ಮಡಿ ಊರಿ ನಡೆಯಿರಿ. ಮೆತ್ತಗೆ ಕುಸಿಯುವ ಜಾಗವಿದ್ದರೆ ಪ್ಲೈವುಡ್ ಕೊಳೆತಿದೆ. ನೆಲ ಬದಲಿಸುವುದು ಸ್ವಂತ ಕೈಯಲ್ಲಿ ಆಗುವ ಕೆಲಸ. ನಾಲ್ಕೈದು ವಾರಾಂತ್ಯ, ಪ್ಲೈವುಡ್, ಹೊಸ ಕಾರ್ಪೆಟ್. ಇದೊಂದೇ ಕಾರಣಕ್ಕೆ ಒಳ್ಳೇ ದೋಣಿ ಬಿಡಬೇಕಾಗಿಲ್ಲ, ಬೆಲೆ ಇಳಿಸಲು ಹಿಡಿಕೆ ಸಿಕ್ಕಿತೆಂದುಕೊಳ್ಳಿ.

ನಿಜವಾದ ಕಳ್ಳ ಅದರ ಕೆಳಗಿದ್ದಾನೆ. 20 ಅಡಿಯೊಳಗಿನ ದೋಣಿ ನೀರು ತುಂಬಿದರೂ ಪೂರ್ತಿ ಮುಳುಗಬಾರದು ಎಂದು ಅಮೆರಿಕದಲ್ಲಿ 1970ರ ದಶಕದಿಂದ ನಿಯಮವಿದೆ. ಅದಕ್ಕಾಗಿ ನೆಲದಡಿ, ಸೀಟಿನಡಿ ಫೋಮ್ ತುಂಬುತ್ತಾರೆ. ಹೊಸದಿದ್ದಾಗ ಅದು ನೀರು ಕುಡಿಯುವುದಿಲ್ಲ. ವರ್ಷಗಟ್ಟಲೆ ತಳದಲ್ಲಿ ನೀರು ನಿಂತರೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕರಗಿ ಫೋಮಿನ ಕಣ ಒಡೆದರೆ, ನಿಧಾನಕ್ಕೆ ಹೀರಲು ತೊಡಗುತ್ತದೆ. ಒಂದು ಘನ ಅಡಿ ನೀರಿನ ತೂಕ 28 ಕಿಲೋ. ಹತ್ತು ಘನ ಅಡಿ ಫೋಮು ನೆನೆದಿದ್ದರೆ ನಾಲ್ಕು ಜನರನ್ನು ನೀವು ಕಾಣದಂತೆ ಸದಾ ಹೊತ್ತು ತಿರುಗುತ್ತೀರಿ. ಇಂಜಿನ್ ಏದುಸಿರು ಬಿಡುತ್ತದೆ, ದೋಣಿಯ ಹಿಂಭಾಗ ನೀರಲ್ಲಿ ಕುಳಿತೇ ಇರುತ್ತದೆ.

ಕಂಡುಹಿಡಿಯುವುದು ಹೇಗೆ? ನೆಲದ ಒಂದು ಸ್ಕ್ರೂ ತೆಗೆದು ನೋಡಿ, ತುದಿ ಒದ್ದೆಯಿದ್ದರೆ ಅನುಮಾನ. ಹಿಂಬದಿಯ ತಳದಲ್ಲಿ ನೀರು ಬಸಿಯುವ ತೂತಿಗೆ ಡ್ರೈನ್ ಪ್ಲಗ್ ಹಾಕುತ್ತಾರೆ. ವಾರಗಟ್ಟಲೆ ಗ್ಯಾರೇಜಿನಲ್ಲಿದ್ದ ದೋಣಿಯ ಪ್ಲಗ್ ತೆಗೆದಾಗಲೂ ತೊಟ್ಟಿಕ್ಕುತ್ತಿದ್ದರೆ ಅನುಮಾನ ಹೆಚ್ಚಿತು. ಅನುಮಾನ ಪರಿಹಾರಕ್ಕೆ ತೂಕ ಮಾಡಿಸಿ. ಹೆದ್ದಾರಿ ಬದಿ ಲಾರಿ ತೂಗುವ ಜಾಗಗಳಲ್ಲಿ ಕೆಲವೇ ಡಾಲರಿಗೆ ಟ್ರೇಲರ್ ಸಮೇತ ತೂಕ ಸಿಗುತ್ತದೆ. ಕಂಪನಿಯ ಹಳೇ ಕ್ಯಾಟಲಾಗ್ ಹುಡುಕಿ, ದೋಣಿ, ಇಂಜಿನ್, ಟ್ರೇಲರ್, ಪೆಟ್ರೋಲ್, ಬ್ಯಾಟರಿ ಎಲ್ಲ ಕೂಡಿ. ಲೆಕ್ಕಕ್ಕಿಂತ 150 ಕಿಲೋ ಜಾಸ್ತಿ ಬಂದರೆ ಆ ಭಾರ ಎಲ್ಲಿಂದ ಬಂತೆಂದು ಮಾರುವವರೇ ಹೇಳಲಿ. ಇಷ್ಟು ತಾಪತ್ರಯ ಯಾರು ಪಡುತ್ತಾರೆ ಎನ್ನಬೇಡಿ, ನಾನು ಪಡುತ್ತೇನೆ. ಒಮ್ಮೆ ಫೋಮ್ ಕಿತ್ತು ಹಾಕಿದವರು ಎಲ್ಲರೂ ಪಡುತ್ತಾರೆ.

ಇಷ್ಟಾದ ಮೇಲೆ ಲೋಹ

ರಿವೆಟ್ ದೋಣಿ ಒಳ್ಳೆಯದೋ, ವೆಲ್ಡಿಂಗ್ ದೋಣಿಯೋ ಎಂಬ ಜಗಳ ಇಲ್ಲಿ ಕಾಫಿಯೋ ಚಹಾವೋ ಎಂಬಷ್ಟು ಹಳತು. ಲುಂಡ್‌ನವರು ರಿವೆಟ್ ಪಕ್ಷ, ಕ್ರೆಸ್ಟ್‌ಲೈನರ್‌ನವರು ವೆಲ್ಡಿಂಗ್ ಪಕ್ಷ. ತಮಾಷೆ ಏನೆಂದರೆ 2004ರಿಂದ ಎರಡೂ ಬ್ರನ್ಸ್‌ವಿಕ್ ಎಂಬ ಒಂದೇ ಮನೆತನದವು. ಹಳೇ ದೋಣಿ ಕೊಳ್ಳುವವನಿಗೆ ಗೊತ್ತಿರಬೇಕಾದದ್ದು ಇಷ್ಟು: ರಿವೆಟ್ ಸಡಿಲವಾಗಿ ಸೋರಿದರೆ ಗ್ಯಾರೇಜಿನಲ್ಲೇ ಸರಿಮಾಡಬಹುದು. ಹೊರಗಿಂದ ಒಬ್ಬರು ಹೊಡೆದು ಒಳಗಿಂದ ಇನ್ನೊಬ್ಬರು ಕಬ್ಬಿಣದ ದಿಂಡು ಒತ್ತಿಹಿಡಿದರೆ ಹಳೇ ರಿವೆಟ್ಟೇ ಮತ್ತೆ ಬಿಗಿಯುತ್ತದೆ. ವೆಲ್ಡಿಂಗ್ ಬಿರುಕು ಬಿಟ್ಟರೆ ಅಲ್ಯೂಮಿನಿಯಂ ಬೆಸುಗೆ ಬಲ್ಲವರನ್ನೇ ಹುಡುಕಬೇಕು. ಬೆಸೆದ ಪಕ್ಕದಲ್ಲೇ ಮತ್ತೆ ಬಿರುಕು ಬಂದದ್ದನ್ನೂ ಕಂಡಿದ್ದೇನೆ.

ಸೋರಿಕೆ ಪತ್ತೆಗೆ ದೋಣಿಯನ್ನು ನೀರಿಗೆ ಇಳಿಸಲೇಬೇಕೆಂದಿಲ್ಲ, ನೀರನ್ನೇ ದೋಣಿಗೆ ಇಳಿಸಿ. ಟ್ರೇಲರ್ ಮೇಲಿದ್ದಂತೆಯೇ ಪ್ಲಗ್ ಹಾಕಿ, ತೋಟದ ಪೈಪಿನಿಂದ ಹಿಂಬದಿಯಲ್ಲಿ ಎರಡು ಮೂರು ಇಂಚು ನಿಲ್ಲುವಷ್ಟು ಬಿಡಿ. ಅದಕ್ಕಿಂತ ಹೆಚ್ಚು ಬೇಡ, ಭಾರಕ್ಕೆ ಟ್ರೇಲರ್ ಕುಸಿದೀತು. ಅರ್ಧ ಗಂಟೆ ಬಿಟ್ಟು ಅಡಿಗೆ ಟಾರ್ಚ್ ಹಿಡಿದು ಮಲಗಿ ನೋಡಿ. ಎಲ್ಲೋ ಮೂರು ನಾಲ್ಕು ರಿವೆಟ್ಟಿನಿಂದ ಹನಿ ಬಿದ್ದರೆ ನಗುತ್ತಾ ಎದ್ದು ಬನ್ನಿ. ಒಂದೇ ಸಾಲಿನಲ್ಲಿ ಹತ್ತಿಪ್ಪತ್ತು ಸೋರಿದರೆ ಒಳಗಿನ ಅಡ್ಡಪಟ್ಟಿ ಮುರಿದಿರಬಹುದು. ಬಿರುಗಾಳಿಯಲ್ಲಿ ಅಲೆಗೆ ಬಡಿಸಿಕೊಂಡು ಓಡಿದ ದೋಣಿಗಳ ಲಕ್ಷಣ ಅದು. ತಳಕ್ಕೆಲ್ಲ ದಪ್ಪ ಕಪ್ಪು ಲೇಪ ಬಳಿದಿದ್ದರೆ ಯಾಕೆ ಬಳಿದರು ಎಂದು ಕೇಳಿ, ಉತ್ತರ ಕೇಳುವಾಗ ಮುಖವನ್ನೂ ನೋಡಿ.

ಇನ್ನೊಂದು, ಬಹಳ ಜನ ನೋಡದ್ದು. ದೋಣಿಯ ತಳವನ್ನು ಹಿಂದಿನಿಂದ ಮುಂದಕ್ಕೆ ಕಣ್ಣಳತೆಯಲ್ಲಿ ನೋಡಿ, ಬಡಗಿ ರೀಪಿನ ನೇರ ನೋಡುವ ಹಾಗೆ. ಟ್ರೇಲರಿನ ಆಧಾರಪಟ್ಟಿ ಗಿಡ್ಡವಿದ್ದು ಟ್ರಾನ್ಸಮ್ ಗಾಳಿಯಲ್ಲಿ ತೂಗಾಡುತ್ತಿದ್ದರೆ, ವರ್ಷಗಳಲ್ಲಿ ಇಂಜಿನ್ ಭಾರಕ್ಕೆ ತಳ ಕೊಕ್ಕೆಯಂತೆ ಬಾಗುತ್ತದೆ. ಅಂಥ ದೋಣಿ ವೇಗ ಹಿಡಿದಾಗ ಮೂತಿ ಕುಕ್ಕುತ್ತದೆ.

ಇಂಜಿನ್, ತಣ್ಣಗಿದ್ದಾಗ

ಹೋದ ಕೂಡಲೇ ಇಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಇಂಜಿನ್ ಹೇಗೆ ಏಳುತ್ತದೆ ಎಂಬುದೇ ಅದರ ಆರೋಗ್ಯ, ಆದ್ದರಿಂದ ತಣ್ಣಗಿಟ್ಟಿರಿ ಎಂದು ಮೊದಲೇ ಫೋನಿನಲ್ಲಿ ಹೇಳಿ. ನೀರಿಲ್ಲದೆ ಓಡಿಸಬಾರದು. ಪೈಪಿಗೆ ಸೇರಿಸುವ ಕಿವಿಮುಚ್ಚಿನಂಥ ರಬ್ಬರ್ ಜೋಡಿಯನ್ನು ನೀರೆಳೆಯುವ ಕಿಂಡಿಗೆ ಸಿಕ್ಕಿಸಿ ಓಡಿಸುತ್ತಾರೆ. ಹಿಂಭಾಗದ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಜಿನುಗಿದರೆ ಒಳಗಿನ ರಬ್ಬರ್ ಚಕ್ರ ಸವೆದಿದೆ. ಅದು ಅಗ್ಗ, ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಮಾಲು. ಆದರೆ ಅದಿಲ್ಲದೆ ಎಷ್ಟು ದಿನ ಬಿಸಿಯಾಗಿ ಓಡಿತು ಎನ್ನುವುದು ಬೇರೆ ಪ್ರಶ್ನೆ.

ಅದಕ್ಕೇ ಕಂಪ್ರೆಷನ್ ನೋಡಬೇಕು. ಅಳೆಯುವ ಗೇಜು ವಾಹನದ ಬಿಡಿಭಾಗದ ಅಂಗಡಿಗಳಲ್ಲಿ ಎರವಲು ಸಿಗುತ್ತದೆ. ಅಂಕಿ ಇಷ್ಟೇ ಇರಬೇಕೆಂದು ಹಟ ಹಿಡಿಯಬೇಡಿ, ಎಲ್ಲ ಸಿಲಿಂಡರುಗಳೂ ಒಂದಕ್ಕೊಂದು ಹತ್ತಿರ ಇರಬೇಕು. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೆಕ್ಯಾನಿಕ್ ನೋಡದೆ ಮುಂದುವರಿಯಬೇಡಿ. ಕೆಳಗಿನ ಗೇರ್‌ಪೆಟ್ಟಿಗೆಯ ತಳದ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದೆರಡು ಹನಿ ಎಣ್ಣೆ ಬೆರಳಿಗೆ ತೆಗೆದುಕೊಳ್ಳಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ. ಮಿನ್ನೆಸೋಟಾದ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳುತ್ತದೆ. ಬೆಳ್ಳಿಯಂತೆ ಮಿನುಗುವ ಚೂರು ಬಂದರೆ ಗೇರು ಸವೆಯುತ್ತಿದೆ.

ಇಂಜಿನ್ ಕಂಪನಿಯ ಹೆಸರನ್ನೂ ನೋಡಿ. ಒಂದು ಕಾಲದಲ್ಲಿ ಇಲ್ಲಿಯ ಅರ್ಧ ಕೆರೆಗಳಲ್ಲಿ ಗುಡುಗುತ್ತಿದ್ದವು ಜಾನ್ಸನ್, ಎವಿನ್‌ರೂಡ್. ಅವುಗಳ ಹಳೇ ಮಾತೃಸಂಸ್ಥೆ 2000ದ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಆಮೇಲೆ ಬೇರೆಯವರ ಕೈಯಲ್ಲಿ ಬದುಕಿದ್ದ ಎವಿನ್‌ರೂಡ್ ತಯಾರಿಕೆಯೂ 2020ರಲ್ಲಿ ನಿಂತಿತು. ಕೆಟ್ಟ ಇಂಜಿನ್ನುಗಳಲ್ಲ, ಆದರೆ ಬಿಡಿಭಾಗ ಮತ್ತು ಅದನ್ನು ಬಲ್ಲ ಕೈ ನಿಮ್ಮ ಊರಿನ ಹತ್ತಿರ ಇದೆಯೇ ಎಂದು ವಿಚಾರಿಸಿಯೇ ದರ ಹೇಳಿ. ಮೀನು ತೋರಿಸುವ ಸೋನಾರ್ ಪರದೆ, ರೇಡಿಯೊ, ಎಲ್‌ಇಡಿ ದೀಪಕ್ಕೆಲ್ಲ ಹೆಚ್ಚು ಬೆಲೆ ಕೊಡಬೇಡಿ. ಐದು ವರ್ಷ ಹಳೆಯ ಪರದೆ ಐದು ವರ್ಷ ಹಳೆಯ ಮೊಬೈಲಿದ್ದಂತೆ. ಓಡಿಸುವವರು ನೀರಿಗೆ ಬಿದ್ದರೆ ಇಂಜಿನ್ ಆರಿಸುವ ಕೆಂಪು ಬಳ್ಳಿ ಮಾತ್ರ ಇದೆಯೇ, ಎಳೆದರೆ ಕೆಲಸ ಮಾಡುತ್ತದೆಯೇ ನೋಡಿ. 26 ಅಡಿಯೊಳಗಿನ ದೋಣಿಗಳಲ್ಲಿ ಅದನ್ನು ಕಟ್ಟಿಕೊಳ್ಳುವುದು 2021ರ ಏಪ್ರಿಲ್‌ನಿಂದ ಕಾನೂನು.

ಟ್ರೇಲರ್ ಬಗ್ಗೆ ಎರಡೇ ಮಾತು. ಚಕ್ರ ಎತ್ತಿ ತಿರುಗಿಸಿ, ಗರಗರ ಸದ್ದು ಬಂದರೆ ಬೇರಿಂಗ್ ಬದಲಿಸಬೇಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2316 ಎಂದರೆ 2016ನೇ ಇಸವಿಯ 23ನೇ ವಾರ ಮಾಡಿದ್ದು. ಟೈರಿನ ಮೇಲೆ ಗೀರು ಸವೆಯದಿದ್ದರೂ ವಯಸ್ಸಾದ ರಬ್ಬರ್ ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಕಾಗದಪತ್ರ, ಬೆಲೆ

ಟ್ರಾನ್ಸಮ್ಮಿನ ಬಲಗಡೆ ಮೇಲ್ತುದಿಯಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಕೆತ್ತಿರುತ್ತದೆ. ಮೊದಲ ಮೂರು ತಯಾರಕರ ಸಂಕೇತ. 1984ರ ಆಗಸ್ಟ್ ನಂತರದವುಗಳಲ್ಲಿ ಕಡೆಯ ಎರಡಂಕಿ ಮಾಡೆಲ್ ವರ್ಷ. ಟೈಟಲ್ ಕಾಗದದಲ್ಲಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಉಜ್ಜಿದ, ತಿದ್ದಿದ ಗುರುತಿದ್ದರೆ ನಮಸ್ಕಾರ ಹೇಳಿ ಹೊರಡಿ. ದೋಣಿ ಮೇಲೆ ಬ್ಯಾಂಕಿನ ಸಾಲ ಉಳಿದಿದೆಯೇ ಎಂಬುದೂ ಟೈಟಲ್ ನೋಡಿದರೆ ತಿಳಿಯುತ್ತದೆ. ಟ್ರೇಲರ್‌ಗೆ ಪ್ರತ್ಯೇಕ ದಾಖಲೆ, ಅದನ್ನು ಮರೆಯುವವರೇ ಹೆಚ್ಚು. ಒಳಗಡೆ ಇನ್ನೊಂದು ಪಟ್ಟಿ ಇರುತ್ತದೆ, ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಎಂದು. 50 ಎಂದು ಬರೆದಲ್ಲಿ 70ರ ಇಂಜಿನ್ ತೂಗುತ್ತಿದ್ದರೆ ವಿಮೆಯವರೂ ತಕರಾರು ತೆಗೆಯುತ್ತಾರೆ, ಟ್ರಾನ್ಸಮ್ಮೂ ತೆಗೆಯುತ್ತದೆ.

ಬೆಲೆಗೆ ಕಾಲ ಮುಖ್ಯ. ಏಪ್ರಿಲ್‌ನಲ್ಲಿ ಕೆರೆಯ ಮಂಜುಗಡ್ಡೆ ಕರಗಿದ ಮೇಲೆ ಹೋದರೆ ಮಾರುವವರದೇ ರಾಜ್ಯ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚಳಿಗಾಲಕ್ಕೆ ಇಡಲು ಜಾಗ, ಇಂಜಿನ್ ಸಿದ್ಧಮಾಡುವ ಖರ್ಚು ಎಲ್ಲ ಎದುರಿಗಿರುವಾಗ ಅವರ ಮಾತು ಮೃದುವಾಗುತ್ತದೆ. ಕೆರೆಗೆ ಇಳಿಸಿ ನೋಡಲು ನೀರೂ ಇನ್ನೂ ನೀರಾಗಿರುತ್ತದೆ. ಡಿಸೆಂಬರಿನಲ್ಲಿ ಇನ್ನೂ ಅಗ್ಗಕ್ಕೆ ಸಿಗಬಹುದು, ಆದರೆ ಓಡಿಸಿ ನೋಡದೆ ಕೊಳ್ಳಬೇಕು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸುವ ಹಾಗಿನ ಕಲೆ ಇಲ್ಲಿಲ್ಲ. ಕಂಡ ದೋಷಗಳನ್ನು ಮೆಲ್ಲಗೆ ಒಂದೊಂದಾಗಿ ಹೇಳಿ, ರಿಪೇರಿಗೆ ಇಷ್ಟಾಗುತ್ತದೆ ಎಂದು ಹೇಳಿ, ಸುಮ್ಮನಾಗಿಬಿಡಿ. ಅಮೆರಿಕನ್ನರಿಗೆ ಮೌನ ಸಹಿಸಲಾಗುವುದಿಲ್ಲ.

ಅಂದಹಾಗೆ ಶಿವಮೊಗ್ಗದ ಗೆಳೆಯರ ಆ ದೋಣಿ. ಬಣ್ಣ ಮಿರಮಿರ, ಕಾರ್ಪೆಟ್ ಹೊಚ್ಚಹೊಸದು. ಟ್ರಾನ್ಸಮ್ ತಟ್ಟಿದೆ, ಟಕ್ ಎಂದಿತು. ಡ್ರೈನ್ ಪ್ಲಗ್ ತೆಗೆದೆ. ತಿಂಗಳಿಂದ ಗ್ಯಾರೇಜಿನಲ್ಲೇ ಇದೆ ಎಂದ ದೋಣಿಯಿಂದ ಸಣ್ಣ ಧಾರೆ ಶುರುವಾಯಿತು. ಇಂಜಿನ್ ನೋಡಿ, ಕಾಗದ ನೋಡಿ, ಮಾತಾಡಿ, ಮುಕ್ಕಾಲು ಗಂಟೆ ಬಿಟ್ಟು ಬಂದರೂ ಕಾಂಕ್ರೀಟಿನ ಮೇಲೆ ನೀರಿನ ಗೆರೆ ಬಾಗಿಲಿನತ್ತ ಹರಿಯುತ್ತಲೇ ಇತ್ತು. ಗೆಳೆಯರು ನನ್ನ ಮುಖ ನೋಡಿದರು, ನಾನು ಗೆರೆ ನೋಡಿದೆ. ಏನೂ ಹೇಳಬೇಕಾಗಲಿಲ್ಲ.

ಮೂರು ವಾರದ ಮೇಲೆ ಅವರಿಗೆ ಬೇರೆಯದು ಸಿಕ್ಕಿತು. ಎರಡೂ ಬದಿ ತಗ್ಗು, ಬಣ್ಣ ಹೋದದ್ದು, ಒಣಗಿದ ತಳ, ಕಾಫಿಯಾಗದ ಗೇರ್ ಎಣ್ಣೆ. ಹಣ ಕೊಟ್ಟ ದಿನ ಒಂದೇ ಮಾತು ಹೇಳಿದೆ: ಮಕ್ಕಳಿಗೆ ಅಳತೆಯ ಲೈಫ್ ಜಾಕೆಟ್ ಇವತ್ತೇ ತನ್ನಿ, 10 ವರ್ಷದೊಳಗಿನವರು ತೊಡಲೇಬೇಕೆಂಬುದು ಇಲ್ಲಿಯ ಕಾನೂನು. ಮತ್ತೆ ಕೆರೆಯಿಂದ ಹೊರಡುವಾಗ ಡ್ರೈನ್ ಪ್ಲಗ್ ತೆಗೆದಿರಬೇಕು, ಜೀಬ್ರಾ ಚಿಪ್ಪು ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಿರಲಿ ಎಂದು ರಾಜ್ಯವೇ ಹಾಗೆ ವಿಧಿಸಿದೆ. ತೆಗೆದದ್ದನ್ನು ಮುಂದಿನ ಸಲ ಹಾಕಲು ಮರೆಯುವುದು ಎಲ್ಲರಿಗೂ ಒಮ್ಮೆ ಆಗುತ್ತದೆ. ಅವರಿಗೆ ಮೇ ತಿಂಗಳ ಮೊದಲ ದಿನವೇ ಆಯಿತು. ಫೋನಿನಲ್ಲಿ ಹಿಂದಿನಿಂದ ಮಕ್ಕಳು ಕಿಸಕಿಸ ನಗುವುದು ಕೇಳುತ್ತಿತ್ತು. "ಶೆಟ್ರೇ, ಪಾದ ಮುಳುಗುವಷ್ಟು ಬಂದಿದೆ, ಏನ್ಮಾಡ್ಲಿ?" ಪ್ಲಗ್ ಎಲ್ಲಿದೆ ಎಂದು ಕೇಳಿದೆ. ಕಾರಿನ ಕೀಲಿಗೊಂಚಲಲ್ಲಿತ್ತು.